ಕೈಯಿಂದ ಟ್ಯಾಪ್ ಹೊಡೆಯೋಕೆ (ತೂತಿನೊಳಗೆ ಬೋಲ್ಟಿನ ಥ್ರೆಡ್ ಕತ್ತರಿಸೋಕೆ) ಏನೇನು ಬೇಕು? ಪೆಟ್ಟಿಗೆ ಸೆಟ್ಟಾ, ಬಿಡಿ ಟ್ಯಾಪಾ?

ಶಿರಸಿ ಶೆಡ್ಡು

ಮನೆ ಹಿಂದಿನ ಶೆಡ್ಡಿನಲ್ಲಿ 13 ಎಂಎಂ ಬೆಂಚ್ ಡ್ರಿಲ್, 4 ಇಂಚಿನ ವೈಸ್, ಒಂದು ಸಣ್ಣ ಲೇತ್ ಇದೆ. ಅಡಿಕೆ ಸುಲಿಯುವ ಯಂತ್ರದ ಬ್ರಾಕೆಟ್, ಔಷಧಿ ಹೊಡೆಯುವ ಪಂಪಿನ ರಿಪೇರಿ, ಚಿಕ್ಕ ಜಿಗ್ಗುಗಳು, ಇಷ್ಟೇ ಕೆಲಸ. ಎಂಎಸ್ (ಮೆದು ಉಕ್ಕು) ಹೆಚ್ಚು, ಆಮೇಲೆ ಅಲ್ಯೂಮಿನಿಯಂ, ಅಪರೂಪಕ್ಕೆ ಹಿತ್ತಾಳೆ ಮತ್ತು ಬೀಡು (ಎರಕದ ಕಬ್ಬಿಣ).

ಕೇಳೋದು ಮೂರು. 40 ತುಂಡಿನ ಟ್ಯಾಪ್-ಡೈ (ಡೈ ಅಂದ್ರೆ ಸರಳಿನ ಹೊರಮೈಗೆ ಥ್ರೆಡ್ ಕತ್ತರಿಸೋದು) ಪೆಟ್ಟಿಗೆ ಒಂದೇ ಸಲ ತಗೊಂಡ್ರೆ ಆಗ್ತದಾ? ಒಂದೇ ಅಳತೆಗೆ ಕೆಲವು ಕಡೆ ಮೂರು ಟ್ಯಾಪ್, ಕೆಲವು ಕಡೆ ಎರಡು, ಕೆಲವು ಕಡೆ ಒಂದೇ ಕೊಡ್ತಾರೆ, ಯಾಕೆ? ಮತ್ತೆ, ಅಲ್ಯೂಮಿನಿಯಂ ಪಂಪ್ ಬಾಡಿಯ ಕುರುಡು (ಆಚೆ ದಾಟದ) ತೂತಿನಲ್ಲಿ ಎಂ6 (6 ಎಂಎಂ ಬೋಲ್ಟಿನ) ಟ್ಯಾಪ್ ಮುರಿದು ಕೂತಿದ್ರೆ ಬಾಡಿ ಉಳಿಸುವ ದಾರಿ ಯಾವುದು?

ಅಂಕೋಲಾ ಫಿಟ್ಟರ್

ಪೆಟ್ಟಿಗೆ ಬಿಟ್ಟುಬಿಡಿ. ಅಗ್ಗದ ಪೆಟ್ಟಿಗೆಯಲ್ಲಿ ಬರೋದು ಹೆಚ್ಚಾಗಿ ಕಾರ್ಬನ್ ಸ್ಟೀಲ್ ಟ್ಯಾಪು. ಅಂಚು ಬೇಗ ಸಾಯ್ತದೆ, ಸಾಣೆಗೆ ಸ್ವಲ್ಪ ಬಿಸಿ ಆದ್ರೂ ಹದ ಇಳೀತದೆ. ಅಂಥ ಪೆಟ್ಟಿಗೆಯಲ್ಲಿ ಒಂದು ಅಳತೆಗೆ ಒಂದೋ ಎರಡೋ ಟ್ಯಾಪ್ ಹಾಕಿ, ಉಳಿದ ಜಾಗಕ್ಕೆ ನೀವು ಜನ್ಮದಲ್ಲಿ ಮುಟ್ಟದ ಡೈ ತುಂಬಿಸಿರ್ತಾರೆ.

ನಿಮ್ಮ ಕೆಲಸಕ್ಕೆ ಮೊದಲು ಎಂ5, ಎಂ6, ಎಂ8, ಎಂ10, ಈ ನಾಲ್ಕು ಸಾಕು. ಎಂ3, ಎಂ4, ಎಂ12 ಬೇಕಾದಾಗ ತಗೊಳ್ಳಿ. ಶ್ಯಾಂಕಿನ (ಹಲ್ಲಿಲ್ಲದ ಹಿಂಭಾಗದ) ಮೇಲೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಅಂತ ಇರ್ಲೇಬೇಕು. ಪಿಚ್ (ಒಂದು ಹಲ್ಲಿಂದ ಮುಂದಿನ ಹಲ್ಲಿಗೆ ಇರೋ ದೂರ) ಓದಿಯೇ ದುಡ್ಡು ಕೊಡಿ: ಎಂ10ರಲ್ಲಿ 1.5, 1.25, 1.0 ಮೂರೂ ಸಿಗ್ತದೆ, ಕೌಂಟರಿನ ಹುಡುಗ ಕೈಗೆ ಸಿಕ್ಕಿದ್ದು ಕೊಡ್ತಾನೆ. 6ಎಚ್ ಅಥವಾ ಐಎಸ್‌ಒ2 ಅಂತ ಇದ್ರೆ ಸಾಮಾನ್ಯ ಬೋಲ್ಟಿಗೆ ಬರೋಬ್ಬರಿ ಫಿಟ್. ಅಡಿಸನ್, ಟೋಟೆಮ್, ಎಂಕೆ, ಯಾವುದಾದ್ರೂ ಆಗ್ತದೆ. ಕಂಪನಿಗಿಂತ ದೊಡ್ಡ ಪ್ರಶ್ನೆ ಅಸಲಿಯಾ ನಕಲಿಯಾ ಅನ್ನೋದು.

ಪೆಟ್ಟಿಗೆ ಬಿಟ್ಟು ಉಳಿದ ದುಡ್ಡಿಗೆ ಡ್ರಿಲ್ ಬಿಟ್ ತಗೊಳ್ಳಿ, ಪ್ರತಿ ಟ್ಯಾಪಿಗೂ ಅದರದ್ದೇ ಬಿಟ್, ಎರಡೆರಡು. ಟ್ಯಾಪ್ ಮುರಿಯೋದು ಹೆಚ್ಚಿನ ಸಲ ತೂತಿನ ತಪ್ಪಿಂದ, ಬೈಸಿಕೊಳ್ಳೋದು ಮಾತ್ರ ಟ್ಯಾಪು.

ಕುಮಟಾ ಲೇತು

ಮೂರು ಟ್ಯಾಪಿನ ವಿಷಯ. ಇದರಲ್ಲಿ ಎರಡು ಜಾತಿ ಇದೆ, ಗೊತ್ತಿಲ್ಲದೆ ಎಡವೋದು ಇಲ್ಲೇ.

ಒಂದು ಜಾತಿಯಲ್ಲಿ ಮೂರೂ ಟ್ಯಾಪಿನ ವ್ಯಾಸ ಒಂದೇ, ಬೇರೆ ಇರೋದು ಮೂತಿಯ ಇಳಿಜಾರು ಮಾತ್ರ. ಟೇಪರಿನಲ್ಲಿ 7ರಿಂದ 10 ಹಲ್ಲು ಸವರಿರ್ತದೆ, ಸೆಕೆಂಡಿನಲ್ಲಿ 3ರಿಂದ 5, ಬಾಟಮಿಂಗ್‌ನಲ್ಲಿ 1ರಿಂದ 2. ಆರ್‌ಪಾರ್ ತೂತಿಗೆ ಟೇಪರ್ ಒಂದನ್ನೇ ಪೂರ್ತಿ ದಾಟಿಸಿದ್ರೆ ಥ್ರೆಡ್ ಪೂರ್ತಿ ಆಯ್ತು. ಐಎಸ್‌ಒ 529ರ ಪ್ರಕಾರ ಮಾಡಿದ ಸೆಟ್ ಈ ಜಾತಿ.

ಇನ್ನೊಂದು ಸೀರಿಯಲ್ ಸೆಟ್, ಡಿಐಎನ್ 352. ಇದರಲ್ಲಿ ಮೊದಲನೇದು ಗಾತ್ರದಲ್ಲೇ ಕಡಿಮೆ, ಎರಡನೇದು ಸ್ವಲ್ಪ ಹೆಚ್ಚು, ಮೂರನೇದು ಮಾತ್ರ ಪೂರ್ತಿ ಅಳತೆ. ಶ್ಯಾಂಕಿನ ಮೇಲೆ ಒಂದು ಗೆರೆ ಇದ್ರೆ ಮೊದಲನೇದು, ಎರಡು ಗೆರೆ ಇದ್ರೆ ಎರಡನೇದು, ಗೆರೆ ಇಲ್ಲದ್ದು ಕೊನೇದು. ಇಲ್ಲಿ ಮೊದಲನೇದನ್ನಷ್ಟೇ ಓಡಿಸಿ ಬೋಲ್ಟ್ ಹಾಕಿದ್ರೆ ಹೋಗೋದೇ ಇಲ್ಲ. ಹೊಸ ತೂತಿಗೆ ನೇರ ಗೆರೆ ಇಲ್ಲದ್ದನ್ನು ಕೊಟ್ರೆ ಮೂವರ ಕೆಲಸ ಒಬ್ಬನ ತಲೆಗೆ ಬಿದ್ದು ಮುರೀತದೆ.

ಸಂಶಯ ಇದ್ರೆ ವರ್ನಿಯರ್ ಹಿಡೀರಿ. ಇಳಿಜಾರು ಮುಗಿದ ಮೇಲಿನ ಪೂರ್ತಿ ಹಲ್ಲಿನ ಮೇಲೆ ಅಳೆದಾಗ ಮೂರೂ ಒಂದೇ ಬಂದ್ರೆ ಮೊದಲ ಜಾತಿ, ಏರ್ತಾ ಹೋದ್ರೆ ಸೀರಿಯಲ್. ಎರಡೇ ಇರೋ ಸೆಟ್ಟು ಸಾಮಾನ್ಯವಾಗಿ ಸಣ್ಣ ಪಿಚ್ಚಿನದ್ದು. ಹಲ್ಲಿನ ಆಳ ಕಡಿಮೆ, ಅದಕ್ಕೆ ಎರಡೇ ಸಾಕು.

ಕೈ ಕೆಲಸಕ್ಕೆ, ಅದರಲ್ಲೂ ಎಂಎಸ್ ಮತ್ತು ಸ್ಟೇನ್‌ಲೆಸ್‌ಗೆ, ನನ್ನ ಮತ ಸೀರಿಯಲ್ ಸೆಟ್ಟಿಗೆ. ಸಮಯ ಹೋಗ್ತದೆ ಹೌದು. ಆದ್ರೆ ಪ್ರತಿ ಟ್ಯಾಪೂ ಸ್ವಲ್ಪವೇ ಕತ್ತರಿಸ್ತದೆ, ಕೈಗೆ ಹಗುರ.

ಇನ್ನೊಂದು ಗೊಂದಲ ‘ಪ್ಲಗ್’ ಅನ್ನೋ ಶಬ್ದದ್ದು. ಬ್ರಿಟಿಷ್ ಹೆಸರಿನಲ್ಲಿ ಪ್ಲಗ್ ಅಂದ್ರೆ ಕೊನೇದು, ಅಮೆರಿಕದ ಲೆಕ್ಕದಲ್ಲಿ ಮಧ್ಯದ್ದು. ಆನ್‌ಲೈನಲ್ಲಿ ತರಿಸುವಾಗ ಹೆಸರು ನೋಡ್ಬೇಡಿ, ಫೋಟೋದಲ್ಲಿ ಇಳಿಜಾರಿನ ಹಲ್ಲು ಎಣಿಸಿ.

ಯಲ್ಲಾಪುರ ವರ್ಕ್‌ಬೆಂಚ್

ಡ್ರಿಲ್ ಅಳತೆ ಬಾಯಿಪಾಠ ಮಾಡಬೇಕಿಲ್ಲ. ಬೋಲ್ಟಿನ ವ್ಯಾಸದಲ್ಲಿ ಪಿಚ್ ಕಳೆದ್ರೆ ಆಯ್ತು. ಎಂ3ಕ್ಕೆ 2.5, ಎಂ4ಕ್ಕೆ 3.3, ಎಂ5ಕ್ಕೆ 4.2, ಎಂ6ಕ್ಕೆ 5.0, ಎಂ8ಕ್ಕೆ 6.8, ಎಂ10ಕ್ಕೆ 8.5, ಎಂ12ಕ್ಕೆ 10.2.

ಈ ಸೂತ್ರದಲ್ಲಿ ಬರೋದು ಸುಮಾರು ಶೇ 77 ಥ್ರೆಡ್, ಅಂದ್ರೆ ಪೂರ್ತಿ ಹಲ್ಲಿನ ಎತ್ತರದಲ್ಲಿ ಅಷ್ಟು ಪಾಲು. ಕೈಯಲ್ಲಿ ಹೊಡೆಯೋರಿಗೆ ಅಷ್ಟು ಬೇಕಾಗೋದಿಲ್ಲ. ಲೆಕ್ಕ ಹೀಗೆ: ಬೋಲ್ಟಿನ ವ್ಯಾಸದಿಂದ ತೂತಿನ ವ್ಯಾಸ ಕಳೆಯಿರಿ, ಬಂದದ್ದನ್ನು 1.3 ಗುಣಿಸು ಪಿಚ್ಚಿನಿಂದ ಭಾಗಿಸಿ, ನೂರರಿಂದ ಗುಣಿಸಿ. ಎಂ6ಕ್ಕೆ 5.1 ಡ್ರಿಲ್ ಹಾಕಿದ್ರೆ ಶೇ 69, 5.2 ಹಾಕಿದ್ರೆ ಶೇ 62. ಎಂ8ಕ್ಕೆ 7.0 ಹಾಕಿದ್ರೂ ಶೇ 62.

ಶಿರಸಿ ಶೆಡ್ಡು

ಅಂದ್ರೆ ಚಾರ್ಟಿಗಿಂತ ದೊಡ್ಡ ತೂತು ಮಾಡ್ಬೇಕಾ? ಥ್ರೆಡ್ ಕಿತ್ತು ಬರೋದಿಲ್ವಾ?

ಯಲ್ಲಾಪುರ ವರ್ಕ್‌ಬೆಂಚ್

ಆಳ ಇದ್ರೆ ಬರೋದಿಲ್ಲ. ಎಂ6 ಬೋಲ್ಟ್ ಉಕ್ಕಿನಲ್ಲಿ 9 ಎಂಎಂ ಇಳಿದಿದ್ರೆ, ಅಂದ್ರೆ ಒಂದೂವರೆ ವ್ಯಾಸ, ಶೇ 60 ಥ್ರೆಡ್ ಇದ್ರೂ ಮೊದಲು ತುಂಡಾಗೋದು ಬೋಲ್ಟು. ಹಲ್ಲಿನ ತುದಿ ಕಡೆಯ ಭಾಗ ತೆಳು, ಅದು ಹೊರುವ ಭಾರ ಕಡಿಮೆ. ಅದನ್ನು ಕತ್ತರಿಸೋಕೆ ಟ್ಯಾಪ್ ತಿನ್ನುವ ಜೋರು ಮಾತ್ರ ಬಹಳ.

ತೆಳು ಪಟ್ಟಿಯಲ್ಲಿ ಈ ಮಾತು ನಡೆಯೋದಿಲ್ಲ. 2 ಎಂಎಂ ತಗಡಿನಲ್ಲಿ ಎಂ6 ಹಾಕಿದ್ರೆ ಸಿಗೋದೇ ಎರಡು ಸುತ್ತು. ಅಲ್ಲಿ 5.0 ಬಿಟ್ಟು ಮೇಲೆ ಹೋಗ್ಬೇಡಿ. ಇಲ್ಲಾಂದ್ರೆ ಹಿಂದೆ ನಟ್ ವೆಲ್ಡ್ ಮಾಡೋದೇ ಲೇಸು. ಅಲ್ಯೂಮಿನಿಯಂನಲ್ಲಿ ಆಳ ಎರಡು ವ್ಯಾಸ ಇಡಿ, ಡ್ರಿಲ್ ಚಾರ್ಟಿನದ್ದೇ ಇರ್ಲಿ. ಅದು ಮೆದು, ಟ್ಯಾಪಿಗೆ ಭಾರ ಆಗೋದಿಲ್ಲ.

ಅಂಕೋಲಾ ಫಿಟ್ಟರ್

ಇದಕ್ಕೊಂದು ಬಾಲ ಸೇರಿಸ್ತೆ. ನೀವು ಹಾಕಿದ ಬಿಟ್ 5.0 ಅಂದ ಮಾತ್ರಕ್ಕೆ ತೂತು 5.0 ಆಗಿರೋದಿಲ್ಲ. ಕೈಯಲ್ಲಿ ಸಾಣೆ ಹಿಡಿದ ಬಿಟ್ಟಿನ ಒಂದು ತುಟಿ ಉದ್ದ ಇದ್ರೆ ತೂತು 5.15, 5.2 ಆಗ್ತದೆ. ಅದರ ಮೇಲೆ ನೀವು 5.2 ಬಿಟ್ ಹಾಕಿದ್ರೆ 5.4ಕ್ಕೆ ಹೋಗಿ ಶೇ 46ಕ್ಕೆ ಇಳೀತದೆ. ಹೊಸ ಬಿಟ್ಟಿನ ಹಿಂಬದಿ ಶ್ಯಾಂಕುಗಳನ್ನೇ ಗೇಜ್ ಮಾಡಿಕೊಂಡು ರದ್ದಿ ತುಂಡಿನ ತೂತಿಗೆ ಇಳಿಸಿ ನೋಡಿ. 5.0 ಸಲೀಸಾಗಿ ಹೋಗಿ 5.2 ಹೋಗದಿದ್ರೆ ಸರಿ ಇದೆ.

ಉಲ್ಟಾ ತೊಂದರೆಯೂ ಉಂಟು. ಸವೆದ ಬಿಟ್ಟು ತೂತಿನ ಗೋಡೆಯನ್ನು ಉಜ್ಜಿ ಉಜ್ಜಿ ಗಟ್ಟಿ ಮಾಡ್ತದೆ. ಸ್ಟೇನ್‌ಲೆಸ್‌ನಲ್ಲಂತೂ ಅದು ಗಾಜಿನ ಹಾಗೆ ಆಗ್ತದೆ. ಆಮೇಲೆ ಎಷ್ಟು ಒಳ್ಳೆ ಟ್ಯಾಪ್ ಹಾಕಿದ್ರೂ ಕಿರ್ರ್ ಅಂತ ಕೂಗ್ತದೆಯೇ ಹೊರತು ಕಚ್ಚೋದಿಲ್ಲ.

ಬೈತಕೋಲ ಬೋಲ್ಟು

ಹ್ಯಾಂಡಲ್ ವಿಷಯ ಯಾರೂ ಎತ್ಲಿಲ್ವಲ್ಲ ಮಾರಾಯ್ರೆ.

ಸಣ್ಣದಕ್ಕೆ ಟಿ ಹ್ಯಾಂಡಲ್, ದೊಡ್ಡದಕ್ಕೆ ಉದ್ದ ಬಾರ್ ಹ್ಯಾಂಡಲ್. ಎಂ3ರಿಂದ ಎಂ5ರವರೆಗೆ ಟಿ, ಎಂ6ರಿಂದ ಎಂ12ರವರೆಗೆ ಎರಡು ಕೈ ಹಿಡಿಯುವ 250-300 ಎಂಎಂ ಬಾರ್. ಯಾಕೆ ಅಂತ ಲೆಕ್ಕ ಹಾಕಿ: 300 ಎಂಎಂ ಬಾರಿನ ಎರಡೂ ತುದಿಗೆ ಒಂದೊಂದು ಕಿಲೋ ತೂಕ ಬಿಟ್ರೆ ಸುಮಾರು 3 ನ್ಯೂಟನ್-ಮೀಟರ್ ತಿರುಚು ಬೀಳ್ತದೆ. ಅದೇ ಒಂದೊಂದು ಕಿಲೋ 80 ಎಂಎಂ ಟಿ ಹ್ಯಾಂಡಲಿಗೆ ಬಿಟ್ರೆ 0.8. ತಿರುಚು ತಡೆಯುವ ಶಕ್ತಿ ಟ್ಯಾಪಿನ ತಿರುಳಿನ ವ್ಯಾಸದ ಘನಕ್ಕೆ ತಕ್ಕಂತೆ ಇರ್ತದೆ. ತಿರುಳು ಅರ್ಧ ಆದ್ರೆ ಶಕ್ತಿ ಎಂಟರಲ್ಲೊಂದು. ಉದ್ದ ಬಾರಿಗೆ ಎಂ3 ಟ್ಯಾಪ್ ಸಿಕ್ಕಿಸೋದು ಅಂದ್ರೆ ಅದನ್ನು ಮುರಿಯೋಕೆ ಅಂತಲೇ ಹೊರಟ ಹಾಗೆ.

ಟಿ ಹ್ಯಾಂಡಲ್ ತಗೊಳ್ಳುವಾಗ ಅಂಗಡಿಯಲ್ಲೇ ಟ್ಯಾಪ್ ಹಿಡಿಸಿ ತಿರುಗಿಸಿ ನೋಡಿ. ಅಗ್ಗದ್ದರಲ್ಲಿ ಎರಡು ಸೀಳಿನ ಕೊಲೆಟ್ ಟ್ಯಾಪನ್ನು ಓರೆಯಾಗಿ ಹಿಡೀತದೆ, ತುದಿ ತೂಗಾಡ್ತದೆ. ಬಾರ್ ಹ್ಯಾಂಡಲಿನಲ್ಲಿ ನೋಡಬೇಕಾದದ್ದು ಚೌಕ ದವಡೆ. ಎರಕದ ಮೆದು ಲೋಹದ್ದಾದ್ರೆ ನಾಲ್ಕು ತೂತಿಗೆ ದುಂಡಗಾಗ್ತದೆ. ಸ್ಕ್ರೂ ಸ್ಪ್ಯಾನರ್ ಹಾಕಿ ಒಂದೇ ಕಡೆಯಿಂದ ಎಳೆಯೋ ಚಾಳಿ ಇದ್ರೆ ಬಿಡಿ, ಅದು ಟ್ಯಾಪನ್ನು ತಿರುಗಿಸೋದಕ್ಕಿಂತ ಬಗ್ಗಿಸೋದೇ ಹೆಚ್ಚು. ಎಚ್‌ಎಸ್‌ಎಸ್ ತಿರುಚು ತಡೀತದೆ, ಬಾಗು ತಡೆಯೋದಿಲ್ಲ.

ರಾಚೆಟ್ ಟಿ ಹ್ಯಾಂಡಲ್ ಇಕ್ಕಟ್ಟಿನ ಜಾಗಕ್ಕೆ ಚೊಲೊ. ಹಿಂದೆ ಮುಂದೆ ಮಾಡುವಾಗ ಗುಂಡಿ ತಿರುಗಿಸ್ತಾ ಇರೋದೇ ಒಂದು ರಗಳೆ.

ಕುಮಟಾ ಲೇತು

ನೆಟ್ಟಗೆ ಇಳಿಸೋದು ಹೇಗೆ ಅಂತ ಬರೀತೇನೆ. ಉಳಿದದ್ದೆಲ್ಲ ತಿದ್ದಿಕೊಳ್ಳಬಹುದು, ಓರೆ ಶುರುವಾದ ಟ್ಯಾಪನ್ನು ಮಾತ್ರ ತಿದ್ದೋಕೆ ಬರೋದಿಲ್ಲ.

ನಿಮ್ಮ ಹತ್ರ ಬೆಂಚ್ ಡ್ರಿಲ್ ಇದೆ. ತೂತು ಕೊರೆದ ಮೇಲೆ ಕೆಲಸವನ್ನು ವೈಸಿನಿಂದ ಬಿಚ್ಚಬೇಡಿ, ಟೇಬಲ್ ಸರಿಸಬೇಡಿ. ಡ್ರಿಲ್ ತೆಗೆದು ಕೌಂಟರ್‌ಸಿಂಕ್ ಹಾಕಿ ತೂತಿನ ಬಾಯನ್ನು ಬೋಲ್ಟಿನ ವ್ಯಾಸಕ್ಕಿಂತ ಒಂದು ಕೂದಲು ಹೆಚ್ಚು ಮಾಡಿ, ಎಂ6ಕ್ಕೆ 6.5ರಷ್ಟು. ಇಲ್ಲದಿದ್ರೆ ಮೊದಲ ಹಲ್ಲು ಮೇಲಕ್ಕೆ ಉಬ್ಬಿ, ಬೋಲ್ಟಿನ ತಲೆ ಸಪಾಟಾಗಿ ಕೂರೋದಿಲ್ಲ. ಆಮೇಲೆ ಕರೆಂಟಿನ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದ್ರೆ ಸಾಲದು. ಚಕ್ಕಿಗೆ ಟ್ಯಾಪ್ ಹಿಡಿಸಿ, ಎಡಗೈಯಲ್ಲಿ ಫೀಡ್ ಹಿಡಿಕೆಯನ್ನು ಹಗುರವಾಗಿ ಒತ್ತಿ, ಬಲಗೈಯಲ್ಲಿ ಚಕ್ಕನ್ನೇ ತಿರುಗಿಸಿ. ಎರಡು ಮೂರು ಸುತ್ತು ಕಚ್ಚಿದ ಮೇಲೆ ಚಕ್ ಸಡಿಲಿಸಿ ಮೇಲೆತ್ತಿ. ಟ್ಯಾಪ್ ತೂತಿನಲ್ಲೇ ನಿಲ್ತದೆ. ಉಳಿದದ್ದು ಹ್ಯಾಂಡಲಿನಿಂದ. ಚಕ್ಕಿನಲ್ಲಿ ಶ್ಯಾಂಕ್ ಜಾರಿದ್ರೆ ಜಾರಲಿ, ಬಲವಂತ ಬೇಡ.

ಇದಕ್ಕಿಂತ ಒಳ್ಳೇದು ಸ್ಪ್ರಿಂಗ್ ಗೈಡ್. ಲೇತ್ ಇದೆಯಲ್ಲ, ಒಂದು ಸಂಜೆಯ ಕೆಲಸ. 12 ಎಂಎಂ ದಪ್ಪದ ಸರಳಿನಲ್ಲಿ ತೂತು ಮಾಡಿ, ಒಳಗೆ ಸ್ಪ್ರಿಂಗ್, ಅದರ ಮುಂದೆ 60 ಡಿಗ್ರಿ ಮೊನೆಯ ಪಿನ್ನು. ಸರಳನ್ನು ಚಕ್ಕಿಗೆ ಹಿಡಿಸಿ, ಮೊನೆಯನ್ನು ಟ್ಯಾಪಿನ ಹಿಂಬದಿಯ ಸೆಂಟರ್ ಗುಳಿಗೆ ಕೂರಿಸಿ, ಹ್ಯಾಂಡಲಿನಿಂದ ತಿರುಗಿಸಿ. ಸಣ್ಣ ಟ್ಯಾಪಿನ ಹಿಂಬದಿಯಲ್ಲಿ ಗುಳಿ ಇರೋದಿಲ್ಲ, ಮೊನೆ ಇರ್ತದೆ. ಅದಕ್ಕೆ ಪಿನ್ನಿನ ಇನ್ನೊಂದು ತುದಿಗೆ ಸೆಂಟರ್ ಡ್ರಿಲ್ ಹಾಕಿ ತಗ್ಗು ಮಾಡಿಡಿ, ಪಿನ್ನು ತಿರುಗಿಸಿದ್ರೆ ಎರಡಕ್ಕೂ ಆಯ್ತು.

ಡ್ರಿಲ್ಲಿನ ಕೆಳಗೆ ಬಾರದ ದೊಡ್ಡ ಕೆಲಸಕ್ಕೆ ಗೈಡ್ ಬ್ಲಾಕ್. 25 ಎಂಎಂ ದಪ್ಪದ ಎಂಎಸ್ ತುಂಡು, ತಳ ಸಪಾಟು, ಅದರಲ್ಲಿ 4, 5, 6, 8, 10ರ ತೂತು ಬೆಂಚ್ ಡ್ರಿಲ್ಲಿನಲ್ಲೇ ನೆಟ್ಟಗೆ. ಕೆಲಸದ ಮೇಲೆ ಒತ್ತಿ ಹಿಡಿದು ಅದರೊಳಗಿಂದ ಟ್ಯಾಪ್ ಇಳಿಸಿ. ತಳಕ್ಕೊಂದು ‘ವಿ’ ಗೀರು ಕೊಟ್ರೆ ದುಂಡು ಸರಳಿಗೂ ನಡೀತದೆ.

ಹೊನ್ನಾವರ ಹೊಸಬ

ಬ್ಲಾಕ್ ಮಾಡೋಕೂ ಸೌಕರ್ಯ ಇಲ್ಲದೋರು ಏನು ಮಾಡೋದು ಸಾರ್? ನನ್ನ ಹತ್ರ ಕೈ ಡ್ರಿಲ್ ಒಂದೇ.

ಕುಮಟಾ ಲೇತು

ಥ್ರೆಡ್ ರಾಡ್ ಜೋಡಿಸುವ ಉದ್ದ ನಟ್ ಸಿಗ್ತದಲ್ಲ, ಎಂ8ಕ್ಕೆ 24 ಎಂಎಂ ಉದ್ದ ಇರ್ತದೆ. ಅದರ ಮುಖ ನೆಟ್ಟಗಿದೆಯಾ ಅಂತ ಮೂಲೆಮಟ್ಟ ಹಿಡಿದು ನೋಡಿ, ತೂತಿನ ಮೇಲೆ ಕ್ಲಾಂಪ್ ಮಾಡಿ, ಅದರ ಮೂಲಕ ಟ್ಯಾಪ್ ಇಳಿಸಿ. ಅದೂ ಇಲ್ಲಾಂದ್ರೆ ಬರೀ ಮೂಲೆಮಟ್ಟ. ಒಂದೂವರೆ ಸುತ್ತಿಗೆ ನಿಲ್ಲಿಸಿ, ಹ್ಯಾಂಡಲ್ ತೆಗೆದು, ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ. ಓರೆ ಕಂಡ್ರೆ ಪೂರ್ತಿ ಹಿಂದೆ ತಿರುಗಿಸಿ ತೆಗೆದು, ಓರೆ ಇದ್ದ ಕಡೆಗೆ ಎದುರಾಗಿ ಹಗುರ ಒತ್ತು ಕೊಟ್ಟು ಮತ್ತೆ ಶುರು ಮಾಡಿ. ನಾಲ್ಕು ಸುತ್ತು ಇಳಿದ ಮೇಲೆ ಕಂಡ್ರೆ ಬಗ್ಗಿಸಿ ನೇರ ಮಾಡೋಕೆ ಹೋಗ್ಬೇಡಿ.

ಕಚ್ಚಿದ ಮೇಲೆ ಮೇಲಿಂದ ಒತ್ತೋದು ನಿಲ್ಲಿಸಬೇಕು, ತನ್ನ ಪಿಚ್ಚಿನಲ್ಲಿ ತಾನೇ ಎಳ್ಕೊಂಡು ಹೋಗ್ತದೆ.

ಯಲ್ಲಾಪುರ ವರ್ಕ್‌ಬೆಂಚ್

‘ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ’ ಅಂತ ಎಲ್ಲರೂ ಹೇಳ್ತಾರೆ. ಅದನ್ನು ಗಡಿಯಾರದ ಹಾಗೆ ಮಾಡೋದು ಬೇಡ. ಹಿಂದೆ ತಿರುಗಿಸೋದು ಚಿಪ್ಪಿನ (ಕತ್ತರಿಸಿ ಬಂದ ಲೋಹದ) ಸುರುಳಿ ತುಂಡು ಮಾಡೋಕೆ. ಹಿಂದೆ ತಿರುಗಿಸುವಾಗ ‘ಟಿಕ್’ ಅಂತ ಕೈಗೆ ಗೊತ್ತಾಗ್ತದೆ, ಅದು ಬರುವಷ್ಟು ಹಿಂದೆ ಹೋದ್ರೆ ಸಾಕು. ಬೀಡು ಮತ್ತು ಹಿತ್ತಾಳೆಯಲ್ಲಿ ಚಿಪ್ಸು ಪುಡಿಯಾಗೇ ಬರ್ತದೆ, ಅಲ್ಲಿ ಅಷ್ಟು ಹಿಂದೆ ಮುಂದೆ ಬೇಕಿಲ್ಲ.

ಗನ್ ಟ್ಯಾಪ್, ಅಂದ್ರೆ ಸ್ಪೈರಲ್ ಪಾಯಿಂಟ್ ಟ್ಯಾಪ್ ಹಾಕಿದ್ರೆ ಹಿಂದೆ ತಿರುಗಿಸುವ ಅಗತ್ಯವೇ ಇಲ್ಲ. ಅದು ಚಿಪ್ಪನ್ನು ಮುಂದಕ್ಕೆ ತಳ್ತದೆ. ಗಾಲೆಯ (ಚಿಪ್ಪು ಹೋಗುವ ಉದ್ದ ಕಾಲುವೆಯ) ಆಳ ಕಡಿಮೆ ಇರೋದ್ರಿಂದ ತಿರುಳೂ ದಪ್ಪ. ಆರ್‌ಪಾರ್ ತೂತಿಗೆ ಕೈಯಲ್ಲೂ ಇದನ್ನೇ ಹಾಕಿ ಅಂತ ನನ್ನ ಸಲಹೆ.

ಅಂಕೋಲಾ ಫಿಟ್ಟರ್

ಅರ್ಧ ಒಪ್ಪಿದೆ. ಅದು ಮಶೀನಿಗೆ ಮಾಡಿದ ಟ್ಯಾಪು, ಇಳಿಜಾರು 4-5 ಹಲ್ಲಿನದ್ದು, ಬರಿಗೈಯಲ್ಲಿ ನೆಟ್ಟಗೆ ಶುರು ಮಾಡೋದು ಕಷ್ಟ. ಮೇಲೆ ಹೇಳಿದ ಗೈಡ್ ಇದ್ರೆ ಮಾತ್ರ ಹೌದು. ಕುರುಡು ತೂತಿಗೆ ಅದನ್ನು ಹಾಕಿದ್ರೆ ಚಿಪ್ಪನ್ನೆಲ್ಲ ತಳಕ್ಕೆ ತುರುಕಿ ತಾನೇ ಸಿಕ್ಕಿಬೀಳ್ತದೆ. ಕುರುಡು ತೂತಿಗೆ ಸ್ಪೈರಲ್ ಫ್ಲೂಟ್, ತಿರುಪಿನ ಗಾಲೆಯದ್ದು, ಚಿಪ್ಪನ್ನು ಮೇಲಕ್ಕೆ ಎಳೀತದೆ. ಆದ್ರೆ ಅದರ ತಿರುಳು ಸಪೂರ, ಎಂ4 ಎಂ5ರಲ್ಲಿ ಕೈ ಸ್ವಲ್ಪ ವಾಲಿದ್ರೂ ಟಣ್ ಅಂತದೆ.

ಗಾಲೆಯೇ ಇಲ್ಲದ, ಇಲ್ಲಾ ಎಣ್ಣೆಗೆ ಸಣ್ಣ ಗೀರು ಮಾತ್ರ ಇರೋ ಟ್ಯಾಪು ಕಂಡ್ರೆ ಅದು ಫಾರ್ಮಿಂಗ್ ಟ್ಯಾಪು. ಕತ್ತರಿಸೋದಿಲ್ಲ, ಲೋಹವನ್ನು ಒತ್ತಿ ಹಲ್ಲು ಎಬ್ಬಿಸ್ತದೆ. ಎಂ6ಕ್ಕೆ 5.5ರ ಆಸುಪಾಸಿನ ತೂತು ಬೇಕು. 5.0 ತೂತಿಗೆ ಹಾಕಿದ್ರೆ ಕಥೆ ಮುಗೀತು. ಕೈ ಕೆಲಸಕ್ಕೆ ಅದು ಬೇಡ. ಸಾಲಿಡ್ ಕಾರ್ಬೈಡ್ ಟ್ಯಾಪೂ ಬೇಡ.

ಕುರುಡು ತೂತಿನ ಆಳವನ್ನು ಮೊದಲೇ ಲೆಕ್ಕ ಹಾಕಿ. ಎಂ8ರಲ್ಲಿ 16 ಎಂಎಂ ಪೂರ್ತಿ ಥ್ರೆಡ್ ಬೇಕು ಅಂತಿಟ್ಟುಕೊಳ್ಳಿ. ಬಾಟಮಿಂಗ್ ಟ್ಯಾಪಿನ ಇಳಿಜಾರು ಎರಡು ಹಲ್ಲು, 2.5 ಎಂಎಂ. ಚಿಪ್ಸು ಕೂರೋಕೆ ಇನ್ನೊಂದು 2.5. ಒಟ್ಟು 21 ಎಂಎಂ, ಅದೂ ಡ್ರಿಲ್ಲಿನ ಮೂತಿ ಬಿಟ್ಟು. 6.8 ಬಿಟ್ಟಿನ ಮೂತಿಯೇ 2 ಎಂಎಂ ತಿನ್ನುತದೆ. ಟ್ಯಾಪಿಗೆ ಟೇಪ್ ಸುತ್ತಿ ಆಳದ ಗುರುತು ಮಾಡಿ, ಐದಾರು ಸುತ್ತಿಗೊಮ್ಮೆ ಪೂರ್ತಿ ಹೊರಗೆ ತೆಗೆದು ತೂತು ಖಾಲಿ ಮಾಡಿ. ಬಾಯಿಂದ ಊದ್ಬೇಡಿ, ಕಣ್ಣಿಗೇ ಬರ್ತದೆ. ಸಿರಿಂಜಿನಿಂದ ಎಣ್ಣೆ ಹಾಯಿಸಿದ್ರೆ ಚಿಪ್ಸು ತೇಲಿ ಬರ್ತದೆ. ತಳ ಮುಟ್ಟಿದ ಟ್ಯಾಪಿಗೆ ‘ಇನ್ನೊಂಚೂರು’ ಅಂತ ತಿರುಗಿಸೋರೇ ಮುರಿಯೋದು.

ಶಿರಸಿ ಶೆಡ್ಡು

ಎಣ್ಣೆ ಯಾವುದು ಹಾಕೋದು? ಇಲ್ಲಿ ಕೆಲವರು ತೆಂಗಿನ ಎಣ್ಣೆಯೇ ಸಾಕು ಅಂತಾರೆ.

ಬೈತಕೋಲ ಬೋಲ್ಟು

ಸಾಕು ಅನ್ನೋದು ಕೆಲಸದ ಮೇಲೆ. ಎಂಎಸ್‌ನಲ್ಲಿ ಎಂ6, ಎಂ8ಕ್ಕೆ ತೆಂಗಿನ ಎಣ್ಣೆ ಎಂಜಿನ್ ಆಯಿಲ್‌ಗಿಂತ ಒಳ್ಳೇದೇ. ಕೊಬ್ಬಿನ ಎಣ್ಣೆಗಳು ಲೋಹಕ್ಕೆ ಅಂಟಿ ನಿಲ್ತವೆ, ಹಿಂದೆ ಹಂದಿ ಕೊಬ್ಬು ಹಾಕ್ತಿದ್ದದ್ದೂ ಅದಕ್ಕೇ. ಎಂಜಿನ್ ಆಯಿಲ್ ಮಾಡಿರೋದು ಜಾರಿಸೋಕೆ, ಕತ್ತರಿಸೋಕಲ್ಲ.

ಸ್ಟೇನ್‌ಲೆಸ್‌ಗೆ ಮತ್ತು ಇಎನ್8 ಅನ್ನೋ ಗಟ್ಟಿ ಉಕ್ಕಿಗೆ ಗಂಧಕ ಸೇರಿಸಿದ ದಪ್ಪ ಕಟಿಂಗ್ ಆಯಿಲ್ ಬೇಕು. ಪೈಪಿಗೆ ಥ್ರೆಡ್ ಹಾಕುವವರು ಬಳಸುವ ಎಣ್ಣೆಯಲ್ಲಿ ಗಂಧಕ ಇದ್ರೆ ಅದೂ ಆಗ್ತದೆ. ನೀರಿಗೆ ಬೆರೆಸಿ ಹಾಲಿನಂತೆ ಮಾಡುವ ಸರ್ವೋಕಟ್ ಎಸ್ ಥರದ್ದು ಲೇತಿಗೆ ಸರಿ, ಕೈ ಟ್ಯಾಪಿಗೆ ತೆಳು. ಅಲ್ಯೂಮಿನಿಯಂಗೆ ಚಿಮಣಿ ಎಣ್ಣೆ, ಸಿಗದಿದ್ರೆ ಡಬ್ಲ್ಯೂಡಿ-40. ಅದು ಜಾರೋದಕ್ಕಿಂತ ಹೆಚ್ಚಾಗಿ ಲೋಹ ಹಲ್ಲಿಗೆ ಮೆತ್ತಿಕೊಳ್ಳದ ಹಾಗೆ ನೋಡ್ಕೊಳ್ತದೆ. ಹಿತ್ತಾಳೆಗೆ ಏನೂ ಬೇಡ ಅಂದ್ರೂ ನಡೀತದೆ. ಬೀಡಿಗೆ ಒಣಗಲೇ ಹೊಡೀರಿ, ಅದರೊಳಗೆ ಗ್ರಾಫೈಟ್ ಇದೆ. ಎಣ್ಣೆ ಹಾಕಿದ್ರೆ ಪುಡಿ ಸೇರಿ ಸಾಣೆ ಹಿಡಿಯುವ ರಾಡಿ ಆಗ್ತದೆ.

ಯಲ್ಲಾಪುರ ವರ್ಕ್‌ಬೆಂಚ್

ಕಾರವಾರದಲ್ಲಿ ತೆಂಗಿನ ಎಣ್ಣೆ ಹೆಚ್ಚಿನ ದಿನ ನೀರಿನ ಹಾಗಿರ್ತದೆ. ಶಿರಸಿ ಯಲ್ಲಾಪುರದ ಡಿಸೆಂಬರ್ ಬೆಳಗ್ಗೆ ನೋಡಿ, 24 ಡಿಗ್ರಿ ಕೆಳಗೆ ಅದು ಗಟ್ಟಿ. ಹಾಗೆ ಗಟ್ಟಿಯಾದದ್ದನ್ನು ಬೆರಳಿಂದ ಟ್ಯಾಪಿಗೆ ಮೆತ್ತಿದ್ರೆ ಅದೂ ಒಂದು ಉಪಯೋಗವೇ ಅನ್ನಿ, ಸೋರಿ ಹೋಗೋದಿಲ್ಲ. ಕೆಲಸ ಆದ ಮೇಲೆ ಟ್ಯಾಪನ್ನು ತೊಳೆದಿಡಿ.

ಬೈತಕೋಲ ಬೋಲ್ಟು

ಪಂಪಿನ ರಿಪೇರಿ ಅಂದ್ರಲ್ಲ, ಆ ಬಗ್ಗೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋದಲ್ಲಿ ಮೈಲುತುತ್ತ ಇದೆ. ಅದರ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತ್ರೆ ಅಲ್ಯೂಮಿನಿಯಂ ಸವೀತಾ ಹೋಗ್ತದೆ. ಹಲ್ಲು ಬಿಳಿ ಪುಡಿ ಆಗಿರ್ತದೆ. ಅಂಥ ತೂತಿಗೆ ಅದೇ ಅಳತೆಯ ಟ್ಯಾಪ್ ಇನ್ನೊಮ್ಮೆ ಓಡಿಸಿದ್ರೆ ಪುಡಿ ಹೊರಗೆ ಬರ್ತದೆ, ಥ್ರೆಡ್ ಬರೋದಿಲ್ಲ. ಇನ್ಸರ್ಟ್ (ತೂತಿಗೆ ಹೊಸ ಥ್ರೆಡ್ ಕೊಡುವ ತಂತಿ ಸುರುಳಿ) ಹಾಕಿ. ಎಂ6 ಸುರುಳಿ ಇನ್ಸರ್ಟಿಗೆ 6.3 ಡ್ರಿಲ್, ಅದರದ್ದೇ ಬೇರೆ ಟ್ಯಾಪು, ಸಾಮಾನ್ಯ ಎಂ6 ಅಲ್ಲ. ಮೇಲ್ಮೈಗಿಂತ ಅರ್ಧ ಸುತ್ತಿನಷ್ಟು ಕೆಳಗೆ ಕೂರಿಸಿ, ತಳದ ನಾಲಿಗೆ ಮುರಿದು ಹೊರಗೆ ತೆಗೀರಿ. ಪಂಪಿನ ಒಳಗೆ ಬಿದ್ದ ನಾಲಿಗೆ ವಾಲ್ವಿಗೆ ಸಿಕ್ಕಿದ್ರೆ ಇನ್ನೊಂದು ರಿಪೇರಿ.

ಕಡಲ ಬದಿಯವರಿಗೆ: ಅಲ್ಯೂಮಿನಿಯಂ ತೂತಿಗೆ ಸ್ಟೇನ್‌ಲೆಸ್ ಬೋಲ್ಟ್ ಹಾಕಿ ಉಪ್ಪು ನೀರು ತಾಗಿದ್ರೆ ಅಲ್ಯೂಮಿನಿಯಂ ತಿಂದು ಹೋಗಿ ಬೋಲ್ಟು ಬೆಸುಗೆ ಹಾಕಿದ ಹಾಗೆ ಕೂರ್ತದೆ. ಹಾಕುವಾಗಲೇ ಥ್ರೆಡ್ಡಿಗೆ ಲ್ಯಾನೋಲಿನ್ ಗ್ರೀಸೋ ಮರೀನ್ ಪೇಸ್ಟೋ ಹಚ್ಚಿ. ತಾಮ್ರ ಅಥವಾ ಗ್ರಾಫೈಟ್ ಇರೋ ಪೇಸ್ಟ್ ಬೇಡ, ಅದರಿಂದ ರೋಗ ಇನ್ನೂ ಜೋರು.

ಹೊನ್ನಾವರ ಹೊಸಬ

ಹಳೇ ಪಂಪ್‌ಸೆಟ್ಟಿನ ತೂತಿಗೆ ಎಂ8 ಬೋಲ್ಟ್ ಎರಡು ಸುತ್ತು ಹೋಗಿ ಬಿಗಿ ಆಗ್ತದೆ. ಎಂ8 ಟ್ಯಾಪ್ ಓಡಿಸಿ ಸರಿ ಮಾಡಬಹುದಾ?

ಅಂಕೋಲಾ ಫಿಟ್ಟರ್

ತಡೀರಿ, ಓಡಿಸ್ಬೇಡಿ. ಅದು ಹಳೇ ಬ್ರಿಟಿಷ್ ಇಂಚಿನ ವಿಟ್‌ವರ್ಥ್ ಥ್ರೆಡ್, 5/16 ಬಿಎಸ್‌ಡಬ್ಲ್ಯೂ ಇರಬಹುದು. ವ್ಯಾಸ 7.94, ಇಂಚಿಗೆ 18 ಹಲ್ಲು, ಪಿಚ್ 1.41. ಎಂ8ರದ್ದು 1.25. ಎರಡು ಸುತ್ತು ಹೋಗೋದು, ಆಮೇಲೆ ಬಿಗಿಯೋದು, ಇದೇ ಅದರ ಲಕ್ಷಣ. ಟ್ಯಾಪ್ ಓಡಿಸಿದ್ರೆ ಎರಡೂ ಅಲ್ಲದ ಥ್ರೆಡ್ ಆಗ್ತದೆ. ಹಳೇ ಬೋಲ್ಟಿಗೆ ಪಿಚ್ ಗೇಜ್ ಹಿಡಿದು ನೋಡಿ. ಕೋನವೂ ಬೇರೆ: ವಿಟ್‌ವರ್ಥ್ 55 ಡಿಗ್ರಿ, ಮೆಟ್ರಿಕ್ 60. ಹಳೇ ಪಂಪು, ಹಳೇ ಲೇತು ಮುಟ್ಟುವವರು 1/4, 5/16, 3/8, 1/2 ಬಿಎಸ್‌ಡಬ್ಲ್ಯೂ ಟ್ಯಾಪ್ ಇಟ್ಟುಕೊಳ್ಳೋದು ಒಳ್ಳೇದು. ಡ್ರಿಲ್ ಕ್ರಮವಾಗಿ 5.1, 6.5, 7.9, 10.5. ಅರ್ಧ ಇಂಚಿನಲ್ಲಿ ಎಚ್ಚರ, ಬಿಎಸ್‌ಡಬ್ಲ್ಯೂ 12 ಹಲ್ಲು, ಅಮೆರಿಕದ ಯುಎನ್‌ಸಿ 13.

ಪೈಪಿನದ್ದು ಬಿಎಸ್‌ಪಿ. ಅದರ ಅಳತೆ ಪೈಪಿನ ಒಳವ್ಯಾಸದ ಹೆಸರು, ಟ್ಯಾಪಿನ ಗಾತ್ರ ಅಲ್ಲ. 1/4 ಬಿಎಸ್‌ಪಿಗೆ ಡ್ರಿಲ್ 11.8, 1/2ಕ್ಕೆ 19. ಅರ್ಧ ಇಂಚಿನ ಬಿಎಸ್‌ಪಿಗೆ ಉದ್ದ ಹ್ಯಾಂಡಲ್ ಮತ್ತು ಗಟ್ಟಿ ವೈಸ್ ಇಲ್ಲದೆ ಕೈ ಹಾಕ್ಬೇಡಿ.

ಕುಮಟಾ ಲೇತು

ಮುರಿದ ಟ್ಯಾಪಿಗೆ ಬರುವ. ಶೆಡ್ಡಿನವರೇ, ಮೊದಲು ಮಾಡಬಾರದ್ದು ಹೇಳ್ತೆ: ಎಚ್‌ಎಸ್‌ಎಸ್ ಡ್ರಿಲ್ ಹಾಕ್ಬೇಡಿ. ಒಂದೇ ಗಡಸಿನವು, ಬಿಟ್ಟು ಜಾರಿ ಪಕ್ಕದ ಅಲ್ಯೂಮಿನಿಯಂಗೆ ಇಳೀತದೆ. ಬೋಲ್ಟ್ ಕೀಳುವ ಈಜಿ-ಔಟ್ ಕೂಡ ಇಲ್ಲಿ ಹಿಡಿಯೋದಿಲ್ಲ. ಅಲ್ಯೂಮಿನಿಯಂಗೆ ಹೈಡ್ರೋಕ್ಲೋರಿಕ್ ಆಸಿಡ್ ಅಂತೂ ಬೇಡವೇ ಬೇಡ, ಟ್ಯಾಪಿಗಿಂತ ಮೊದಲು ಬಾಡಿ ಕರಗ್ತದೆ.

ತೂತಿನೊಳಗೆ ಡಬ್ಲ್ಯೂಡಿ-40 ಬಿಟ್ಟು, ಸೂಜಿಯಿಂದ ಗಾಲೆಗಳ ಚಿಪ್ಸು ಕೆದರಿ ತೆಗೀರಿ. ಅದು ಹೊರಗೆ ಬಂದ್ರೆ ಅರ್ಧ ಕೆಲಸ ಆಯ್ತು. ಆಮೇಲೆ ಟ್ಯಾಪ್ ಎಕ್ಸ್‌ಟ್ರಾಕ್ಟರ್, ಗಾಲೆಗೆ ಇಳಿಯುವ ಉಕ್ಕಿನ ಬೆರಳುಗಳು. ಹಿಂದೆ ಸ್ವಲ್ಪ, ಮುಂದೆ ಸ್ವಲ್ಪ, ತೂಗಿ ತೂಗಿ ಸಡಿಲಿಸಬೇಕು. ಜೋರು ಕೊಟ್ರೆ ಬೆರಳು ತಿರುಚಿ ಹೋಗ್ತದೆ, ಅದೂ ಒಳಗೆ.

ಬಾಡಿ ಅಲ್ಯೂಮಿನಿಯಂ ಇರೋದು ನಿಮ್ಮ ಪುಣ್ಯ. ಪಟಿಕದ ದಾರಿ ಇದೆ. ಬಾಡಿಯಿಂದ ಕಬ್ಬಿಣದ ಬೇರಿಂಗು, ಸ್ಟಡ್ಡು, ಸ್ಪ್ರಿಂಗು ಎಲ್ಲ ತೆಗೆದುಬಿಡಿ, ಅವೂ ಕರಗ್ತವೆ. ಬಿಸಿನೀರಿಗೆ ಇನ್ನು ಕರಗೋದಿಲ್ಲ ಅನ್ನುವಷ್ಟು ಪಟಿಕ ಹಾಕಿ. ಪಾತ್ರೆ ಗಾಜಿನದ್ದು ಅಥವಾ ಚಕ್ಕೆ ಏಳದ ಎನಾಮಲ್‌ದು. ತೂತು ಮೇಲ್ಮುಖ ಇರೋ ಹಾಗೆ ಮುಳುಗಿಸಿ ಕುದಿಯ ಹತ್ರ ಬಿಸಿ ಇಡಿ, ನೀರು ಇಂಗಿದಷ್ಟು ಸೇರಿಸ್ತಾ ಇರಿ. ಟ್ಯಾಪಿನಿಂದ ಸಣ್ಣ ಗುಳ್ಳೆ ಏಳ್ತಾ ಇದ್ರೆ ಕೆಲಸ ನಡೀತಾ ಇದೆ. ಕಾರ್ಬನ್ ಸ್ಟೀಲ್ ಬೇಗ, ಎಚ್‌ಎಸ್‌ಎಸ್ ನಿಧಾನ, ದಿನಗಟ್ಟಲೆ ಹಿಡಿದೀತು. ಅಲ್ಯೂಮಿನಿಯಂ ಬಣ್ಣ ಕೆಡ್ತದೆ, ಸೀಲ್ ಕೂರುವ ನುಣುಪು ಮುಖ ಇದ್ರೆ ಮೊದಲು ಅದೇ ಥರದ ರದ್ದಿ ತುಂಡಿನ ಮೇಲೆ ನೋಡಿ. ಶೆಡ್ಡಿನ ಹೊರಗೆ ಮಾಡಿ, ಅಡುಗೆ ಪಾತ್ರೆ ಬೇಡ. ಪೂರ್ತಿ ಕರಗೋದನ್ನು ಕಾಯಬೇಕಿಲ್ಲ, ಸಪೂರ ಆದ ಕೂಡಲೇ ಚಿಮಟದಲ್ಲಿ ಅಲ್ಲಾಡಿಸಿದ್ರೆ ಬರ್ತದೆ.

ಉಕ್ಕಿನ ಕೆಲಸದಲ್ಲಿ ಮುರಿದ್ರೆ ಪಟಿಕ ಉಪಯೋಗ ಇಲ್ಲ, ಎರಡನ್ನೂ ತಿನ್ನುತದೆ. ಆಗ ಸ್ಪಾರ್ಕ್ ಇರೋಶನ್, ಅಂದ್ರೆ ವಿದ್ಯುತ್ ಕಿಡಿಯಿಂದ ಲೋಹ ಸವೆಸೋದು. ತಿರುಳನ್ನು ಮಾತ್ರ ಸುಟ್ಟು, ಉಳಿದ ಕಾಲುಗಳನ್ನು ಹೆಕ್ಕಿ ತೆಗೀತಾರೆ, ಥ್ರೆಡ್ಡಿಗೆ ಏಟಾಗೋದಿಲ್ಲ. ಹುಬ್ಬಳ್ಳಿ ಗೋಕುಲ ರೋಡ್ ಅಥವಾ ಬೆಳಗಾವಿ ಉದ್ಯಮಬಾಗ್ ಕಡೆ ಡೈ-ಮೋಲ್ಡ್ ಕೆಲಸ ಮಾಡೋರನ್ನು ವಿಚಾರಿಸಿ. ಹೋಗುವ ಮೊದಲು ಫೋನ್ ಮಾಡಿ, ಕೆಲಸದ ಗಾತ್ರ ಹೇಳಿ.

ಶಿರಸಿ ಶೆಡ್ಡು

ಚೊಲೊ ಆತು. ಪಟ್ಟಿ ಮಾಡಿದೆ: ಎಂ5, 6, 8, 10 ಸೀರಿಯಲ್ ಸೆಟ್, ಎಚ್‌ಎಸ್‌ಎಸ್. ಡ್ರಿಲ್ 4.2, 5.0, 5.1, 6.8, 8.5 ಎರಡೆರಡು. ಟಿ ಹ್ಯಾಂಡಲ್ ಒಂದು, ಬಾರ್ ಒಂದು. ಪಿಚ್ ಗೇಜ್. ಕಟಿಂಗ್ ಆಯಿಲ್ ಅರ್ಧ ಲೀಟರ್. ಟ್ಯಾಪ್ ಇಡೋಕೆ ಮರದ ಹಲಗೆಯಲ್ಲಿ ತೂತು ಮಾಡಿ ಸಾಲಾಗಿ ನಿಲ್ಲಿಸ್ತೆ.

ಬೈತಕೋಲ ಬೋಲ್ಟು

ಹಲಗೆ ಒಂದು ಬಿಟ್ಟು ಉಳಿದದ್ದು ಸರಿ ಇದೆ. ಮಳೆಗಾಲದಲ್ಲಿ ಮರ ನೀರು ಕುಡೀತದೆ, ಟ್ಯಾಪಿನ ಹಲ್ಲು ಅದರೊಳಗೇ ತುಕ್ಕು ಹಿಡೀತದೆ. ತುಕ್ಕು ಮೊದಲು ತಿನ್ನೋದು ಕತ್ತರಿಸುವ ಅಂಚನ್ನೇ. ಸುತ್ತೋಕೆ ಪೇಪರ್ ಬೇಡ, ಅದೂ ತೇವ ಎಳೀತದೆ. ಬಂದ ಪ್ಲಾಸ್ಟಿಕ್ ಕೊಳವೆಯಲ್ಲೇ, ಎರಡು ಹನಿ ಎಣ್ಣೆ ಹಾಕಿ, ಒಂದೊಂದನ್ನೇ ಬೇರೆ ಇಡಿ. ಹಲ್ಲಿಗೆ ಹಲ್ಲು ತಾಗಿದ್ರೆ ಅಂಚು ಚಕ್ಕೆ ಏಳ್ತದೆ. ಎಲ್ಲ ಸೇರಿಸಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಜೊತೆಗೆ ಒಣಗಿಸಿದ ಸಿಲಿಕಾ ಜೆಲ್. ಕೆಲವರು ಕರ್ಪೂರದ ತುಂಡೂ ಇಡ್ತಾರೆ.

ಮತ್ತೆ 5.2 ಡ್ರಿಲ್ ಒಂದು ಬರ್ಕೊಳ್ಳಿ. ಸ್ಟೇನ್‌ಲೆಸ್ ಎಂ6 ಬಂದ ದಿನ ಬೇಕಾಗ್ತದೆ.